ವಿದ್ಯುತ್ ಪ್ರಯೋಗಶಾಲೆಯೂ ನಮ್ಮ ಮಕ್ಕಳೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂತಹ ಉತ್ಸವದ ಸಭೆಗಳಲ್ಲಿ ಸಾಹಿತ್ಯ, ಸಂಗೀತ, ಯಕ್ಷಗಾನಗಳ ವಿಚಾರವಾಗಿ ಬಲ್ಲವರ ಮಾತನ್ನು ಕೇಳಿ ಸಂತೋಷಪಡುವುದು ನಮ್ಮೆಲ್ಲರ ರೂಢಿ. ತಂತಿ, ಸುರುಳಿ, ಮಾಪಕಗಳ ನಡುವೆ ಕಾಲ ಕಳೆಯುವ ನನ್ನಂಥವನಿಗೆ ಇಲ್ಲಿ ಸ್ಥಾನವುಂಟೇ ಎಂದು ಸಂಘದ ಕಾರ್ಯದರ್ಶಿಗಳನ್ನು ನಾನು ಕೇಳಿದೆ. ಅವರು ಕೊಟ್ಟ ಉತ್ತರ ಇದು: "ನಮ್ಮ ಮಕ್ಕಳಲ್ಲಿ ಅನೇಕರು ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರು ಏನು ಮಾಡುತ್ತಾರೆಂಬುದು ತಂದೆತಾಯಿಗಳಿಗೆ ತಿಳಿಯದು. ಕನ್ನಡದಲ್ಲಿ ತಿಳಿಸಿ ಹೇಳಿರಿ." ಈ ಮಾತು ನನಗೆ ಒಪ್ಪಿತವಾಯಿತು. ಆದುದರಿಂದ ವಿಶ್ವವಿದ್ಯಾನಿಲಯಗಳ ಇಂಜಿನಿಯರಿಂಗ್ ತರಗತಿಗಳಲ್ಲಿ ಮೊದಲ ವರ್ಷದಲ್ಲಿಯೇ ಎದುರಾಗುವ ಮೂಲಭೂತ ವಿದ್ಯುತ್ ಪ್ರಯೋಗಶಾಲೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಂದಿದ್ದೇನೆ.

ನಮ್ಮ ಈ ಕಾಸರಗೋಡು ಸೀಮೆಯ ಮಕ್ಕಳಿಗೆ ತಾಂತ್ರಿಕ ವಿದ್ಯೆ ಇಂದು ದೂರದ ವಸ್ತುವಲ್ಲ. ಉತ್ತರಕ್ಕೆ ಸುರತ್ಕಲ್ಲಿನ ಕಾಲೇಜು 1960ರಲ್ಲಿಯೇ ಪ್ರಾರಂಭವಾಯಿತು. ನಮ್ಮ ಜಿಲ್ಲೆಯಲ್ಲಿಯೇ, ಪೊವ್ವಲಿನಲ್ಲಿ, 1993ರಲ್ಲಿ ಇಂಜಿನಿಯರಿಂಗ್ ಕಾಲೇಜು ಏರ್ಪಟ್ಟಿತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಕ ಬಾಲಿಕೆಯರು ಎರಡು ವರ್ಷಗಳ ತರುವಾಯ ಇಂಥ ಕಾಲೇಜುಗಳ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಮನಸ್ಸಿನಲ್ಲಿ ಒಂದು ಭಯವಿರುತ್ತದೆ. ಅದು ವಿದ್ಯುತ್ತಿನ ಭಯಕ್ಕಿಂತಲೂ ಇಂಗ್ಲಿಷಿನ ಭಯ. ಈ ಭಯವು ಅವರಿಂದ ಒಂದು ಅಮೂಲ್ಯವಾದ ವಸ್ತುವನ್ನು ಕಸಿದುಕೊಳ್ಳುತ್ತದೆ ಎಂಬುದೇ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಆ ವಸ್ತು ಯಾವುದೆಂಬುದನ್ನು ತಿಳಿಯಬೇಕಾದರೆ ಮೊದಲು ಪ್ರಯೋಗಶಾಲೆಯ ಒಳಗೆ ಹೋಗಿ ನೋಡಬೇಕು.

ಉದ್ದವಾದ ಒಂದು ಕೊಠಡಿ. ಅದರಲ್ಲಿ ಸಾಲಾಗಿ ಮರದ ಮೇಜುಗಳು. ಪ್ರತಿಯೊಂದು ಮೇಜಿನ ಹಿಂದೆಯೂ ವಿದ್ಯುತ್ತನ್ನು ಒದಗಿಸುವ ಫಲಕ, ಅದಕ್ಕೆ ಸ್ವಿಚ್ಚು, ಫ್ಯೂಸು. ಮೇಜಿನ ಮೇಲೆ ಪ್ರವಾಹವನ್ನು ಅಳೆಯುವ ಅಮ್ಮೀಟರು, ವಿಭವಾಂತರವನ್ನು ಅಳೆಯುವ ವೋಲ್ಟ್‌ಮೀಟರು, ವಿದ್ಯುಚ್ಛಕ್ತಿಯನ್ನು ಅಳೆಯುವ ವ್ಯಾಟ್‌ಮೀಟರು, ರೋಧವನ್ನು ಹೆಚ್ಚು ಕಡಿಮೆ ಮಾಡುವ ರಿಯೋಸ್ಟಾಟು. ಒಂದು ಮೂಲೆಯಲ್ಲಿ ಬಲ್ಬುಗಳನ್ನು ಜೋಡಿಸಿದ ಹಲಗೆ, ಇನ್ನೊಂದು ಕಡೆ ಸಣ್ಣ ಟ್ರಾನ್ಸ್‌ಫಾರ್ಮರು, ಗೋಡೆಯ ಬದಿಯಲ್ಲಿ ನೆಲಕ್ಕೆ ಬಿಗಿದು ನಿಲ್ಲಿಸಿದ ಮೋಟಾರುಗಳು. ವಿದ್ಯಾರ್ಥಿಗಳು ಮೂವರೋ ನಾಲ್ವರೋ ಸೇರಿ, ನಕ್ಷೆಯನ್ನು ನೋಡಿಕೊಂಡು ತಂತಿಗಳನ್ನು ಜೋಡಿಸುತ್ತಾರೆ. ಅಧ್ಯಾಪಕರು ಬಂದು ಪರೀಕ್ಷಿಸಿ ಅನುಮತಿ ಕೊಟ್ಟ ಮೇಲೆ ಸ್ವಿಚ್ಚನ್ನು ಹಾಕುತ್ತಾರೆ. ಮಾಪಕದ ಮುಳ್ಳು ಕದಲುತ್ತದೆ. ಅದು ತೋರಿಸಿದ ಅಂಕವನ್ನು ಬರೆದುಕೊಳ್ಳುತ್ತಾರೆ. ಹೊರಗಿನಿಂದ ನೋಡುವವರಿಗೆ ಇಷ್ಟೇ.

ಇಷ್ಟರಿಂದ ಏನು ಸಿದ್ಧಿಸುತ್ತದೆ ಎಂದು ಕೇಳುವವರಿಗೆ ಈ ಶಾಲೆಗಳು ಹುಟ್ಟಿದ ಕಥೆಯನ್ನು ಸ್ವಲ್ಪ ಹೇಳಬೇಕು. ವಿದ್ಯುತ್ ವಿದ್ಯೆಯ ಮೂಲ ನಿಯಮವೊಂದನ್ನು ಕಂಡುಹಿಡಿದವನು ಜರ್ಮನಿಯ ಗಿಯಾರ್ಗ್ ಓಮ್. ಅವನ ತಂದೆ ಬೀಗ ಮಾಡುವ ಕಸುಬಿನವನು. ಸ್ವಂತ ಪ್ರಯತ್ನದಿಂದ ಗಣಿತವನ್ನು ಕಲಿತು ಮಕ್ಕಳಿಗೆ ಹೇಳಿಕೊಟ್ಟವನು. ಓಮ್ ಕೊಲೋನ್ ನಗರದ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಆ ಶಾಲೆಯ ಭೌತವಿಜ್ಞಾನದ ಉಪಕರಣಗಳನ್ನು ಉಪಯೋಗಿಸಿಕೊಂಡೇ ಅವನು ತನ್ನ ಪ್ರಯೋಗಗಳನ್ನು ನಡೆಸಿದನು. ಆ ಕಾಲದ ಬ್ಯಾಟರಿಗಳು ಒಂದೇ ಸಮನಾದ ಶಕ್ತಿಯನ್ನು ಕೊಡುತ್ತಿರಲಿಲ್ಲ. ಅದರಿಂದ 1825ರಲ್ಲಿ ಅವನಿಗೆ ದೊರೆತ ಸೂತ್ರ ಸರಿಯಾಗಿರಲಿಲ್ಲ. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಅದರಿಂದ ಹುಟ್ಟುವ ಸ್ಥಿರವಾದ ವಿದ್ಯುತ್ತಿನಿಂದ ಮತ್ತೆ ಅಳೆದನು. ಹೊಸ ಅಳತೆ ಏನು ಹೇಳಿತೋ ಅದಕ್ಕೆ ತಲೆಬಾಗಿ ಹಳೆಯ ಸೂತ್ರವನ್ನು ಬಿಟ್ಟುಬಿಟ್ಟನು. 1827ರಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಸ್ವದೇಶದಲ್ಲಿ ಅದಕ್ಕೆ ಒಡನೆಯೇ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಅವನನ್ನು ಗೌರವಿಸಿತು. ಇಂದು ನಮ್ಮ ಮಕ್ಕಳು ಮೊದಲ ದಿನ ಮಾಡುವ ಪ್ರಯೋಗವು ಒಬ್ಬ ಶಾಲಾ ಮಾಸ್ತರನು ಶಾಲೆಯ ಉಪಕರಣಗಳಿಂದ ಮಾಡಿದ ಪ್ರಯೋಗವೆಂಬುದನ್ನು ನೆನೆಯಬೇಕು. ಎರಡನೆಯ ವಾರ ಅವರು ಪರೀಕ್ಷಿಸುವ ಕಿರ್ಖಾಫನ ನಿಯಮಗಳನ್ನು ಆತನು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರೂಪಿಸಿದನು.

ಆದರೆ ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಅಳತೆ ಮಾಡಿ ಕಲಿಯಬೇಕೆಂಬ ಪದ್ಧತಿ ವಿಶ್ವವಿದ್ಯಾನಿಲಯಗಳಲ್ಲಿ ಬಹು ನಿಧಾನವಾಗಿ ಬಂದಿತು. ಅಧ್ಯಾಪಕರು ಪ್ರಯೋಗವನ್ನು ಮಾಡಿ ತೋರಿಸುವುದು, ಶಿಷ್ಯರು ದೂರ ಕುಳಿತು ನೋಡುವುದು, ಇದೇ ಹಿಂದಿನ ಕ್ರಮ. ಗ್ಲಾಸ್ಗೋ ನಗರದಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ದ್ರಾಕ್ಷಾರಸವನ್ನಿಡುತ್ತಿದ್ದ ಒಂದು ಹಳೆಯ ನೆಲಮಾಳಿಗೆಯನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡು ಶಿಷ್ಯರನ್ನು ಅಳತೆಯ ಕೆಲಸಕ್ಕೆ ಹಚ್ಚಿದನು. ಅಲ್ಲಿ ಕಲಿತವರಲ್ಲಿ ವಿಲಿಯಂ ಅಯರ್ಟನ್ ಎಂಬವನೊಬ್ಬನು. ಇವನು 1868ರಲ್ಲಿ ನಮ್ಮ ಭಾರತದ ತಂತಿ ಇಲಾಖೆಗೆ ಬಂದು, ನೂರಾರು ಮೈಲಿ ಉದ್ದದ ತಂತಿಯಲ್ಲಿ ದೋಷವು ಎಲ್ಲಿದೆಯೆಂಬುದನ್ನು ಅಳತೆಯಿಂದಲೇ ಗೊತ್ತುಮಾಡುವ ಕೆಲಸದಲ್ಲಿ ಹೆಸರು ಪಡೆದನು. ಅನಂತರ 1873ರಲ್ಲಿ ಜಪಾನಿಗೆ ಹೋಗಿ, ತೋಕಿಯೋದ ಸಾಮ್ರಾಜ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕನಾಗಿ, ವಿದ್ಯುತ್ ವಿದ್ಯೆಯನ್ನು ಕೈಯಿಂದ ಮಾಡಿ ಕಲಿಯುವ ಪ್ರಯೋಗಶಾಲೆಯೊಂದನ್ನು ಕಟ್ಟಿದನು. ಇಂಥ ಶಾಲೆಗಳಲ್ಲಿ ಅದು ಜಗತ್ತಿನಲ್ಲಿಯೇ ಮೊದಮೊದಲಿನದು. 1878ರ ಮಾರ್ಚ್ 25ರಂದು ಅವನೂ ಅವನ ಶಿಷ್ಯರೂ ಸೇರಿ ತೋಕಿಯೋದಲ್ಲಿ ವಿದ್ಯುದ್ದೀಪವನ್ನು ಬೆಳಗಿಸಿದರು. ಜಪಾನಿನಲ್ಲಿ ಆ ದಿನವನ್ನು ವಿದ್ಯುತ್ತಿನ ದಿನವೆಂದು ಈಗಲೂ ನೆನೆಯುತ್ತಾರೆ.

ಈ ಕಥೆಯಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಒಂದಂಶವಿದೆ. ಆ ಕಾಲೇಜಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕಲಿಯುವವರಿಗೆ ಅದು ಪರಭಾಷೆ. ಅವರಲ್ಲಿ ಶಿದಾ ರಿನ್ಜಾಬುರೊ ಎಂಬ ತರುಣನೊಬ್ಬನಿದ್ದನು. ಅವನು 1879ರಲ್ಲಿ ಪದವಿಯನ್ನು ಪಡೆದು, ಗ್ಲಾಸ್ಗೋಗೆ ಹೋಗಿ ಕೆಲ್ವಿನ್ನನ ಶಿಷ್ಯನಾಗಿ ಹಿಂದಿರುಗಿದನು. 1888ರಲ್ಲಿ ಜಪಾನಿನ ವಿದ್ಯುತ್ ಇಂಜಿನಿಯರುಗಳ ಸಂಘವು ಸ್ಥಾಪನೆಯಾಗುವುದಕ್ಕೆ ಅವನೇ ಮುಂದಾಳಾದನು. ಪರಭಾಷೆಯಲ್ಲಿ ಕೇಳಿದ ವಿದ್ಯೆಯನ್ನು ಅವರು ಅಲ್ಲಿಗೇ ಬಿಡಲಿಲ್ಲ. ತಮ್ಮ ಭಾಷೆಯಲ್ಲಿ ಹೆಸರಿಟ್ಟು, ತಮ್ಮ ಜನರಿಗೆ ಬೋಧಿಸಿದರು. ಉಪನ್ಯಾಸವನ್ನು ಕೇಳಿದ್ದರಿಂದ ಮಾತ್ರ ಇದು ಸಾಧ್ಯವಾಗುತ್ತಿರಲಿಲ್ಲ. ಮೇಜಿನ ಮುಂದೆ ನಿಂತು ತಾವೇ ಅಳೆದು ನೋಡಿದ್ದರಿಂದ ಆ ವಿದ್ಯೆ ಅವರ ಸ್ವಂತದ್ದಾಯಿತು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಒಳ್ಳೆಯ ಪರಂಪರೆಯಿದೆ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಸಾಗಿಸಲಾಯಿತು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಆ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ಪಾಲಕ್ಕಾಡು ಸೀಮೆಯವರು, ಇಂದಿನ ಕೇರಳದ ಮಣ್ಣಿನವರು. ದೀಪ ಬೆಳಗುವುದನ್ನು ನೋಡುವ ಮುನ್ನವೇ, 1901ರಲ್ಲಿ, ಅವರು ಕಾಲವಾದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. 1911ರಲ್ಲಿ ಭಾರತೀಯ ವಿಜ್ಞಾನ ಮಂದಿರವು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲಾರಂಭಿಸಿದಾಗ ಮೊದಲು ತೆರೆದ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದಾಗಿತ್ತು. 1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಯಂತ್ರವನ್ನು ತರಿಸಿದರೆ ಸಾಲದು, ಯಂತ್ರವನ್ನು ಬಲ್ಲವರು ಬೇಕು ಎಂಬ ವಿವೇಕ ಅಂದಿನವರಿಗಿತ್ತು.

ಇನ್ನು ಪ್ರಯೋಗಶಾಲೆಯ ಪಾಠಕ್ಕೆ ಬರೋಣ. ಅಲ್ಲಿ ಮೊದಲು ಕಲಿಸುವುದು ಜೀವರಕ್ಷಣೆಯ ನಿಯಮ. ಇದು ಮನೆಮನೆಗೂ ಬೇಕಾದುದರಿಂದ ತಾಯಂದಿರು ಲಕ್ಷ್ಯವಿಟ್ಟು ಕೇಳಬೇಕು. 40 ವ್ಯಾಟಿನ ಸಾಮಾನ್ಯ ಬಲ್ಬೊಂದು 230 ವೋಲ್ಟಿನಲ್ಲಿ ಉರಿಯುವಾಗ ಅದರಲ್ಲಿ ಸುಮಾರು 174 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಒಂದು ಮಿಲಿಆಂಪಿಯರ್ ಎಂದರೆ ಆಂಪಿಯರಿನ ಸಾವಿರದಲ್ಲಿ ಒಂದು ಪಾಲು. ಮನುಷ್ಯನ ಎದೆಯ ಮೂಲಕ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಪ್ರಾಣಾಪಾಯವುಂಟು. ಮನೆಗಳಲ್ಲಿ ಪ್ರಾಣರಕ್ಷಣೆಗೆಂದು ಹಾಕುವ ಸೋರಿಕೆ ತಡೆಯುವ ಸ್ವಿಚ್ಚು 30 ಮಿಲಿಆಂಪಿಯರಿಗೆ ಕಡಿದುಕೊಳ್ಳುವಂತೆ ರಚಿತವಾಗಿರುವುದು ಈ ಕಾರಣದಿಂದಲೇ. ಒಂದು ಸಣ್ಣ ದೀಪವನ್ನು ಉರಿಸುವ ಪ್ರವಾಹವು ಒಂದು ಜೀವವನ್ನು ನಂದಿಸಲು ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಎಂಬುದನ್ನು ಮರೆಯಬಾರದು.

ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ತಾವೆಲ್ಲ ನೋಡಿದ್ದೀರಿ. ಅದು ಭೂಮಿಗೆ ಸಂಬಂಧಿಸಿದ್ದು. ಪ್ಲಗ್ಗನ್ನು ಚುಚ್ಚುವಾಗ ಮೊದಲು ಭೂಸಂಪರ್ಕವಾಗಬೇಕು, ಕಳಚುವಾಗ ಕಡೆಗೆ ಅದು ಬಿಡಬೇಕು ಎಂಬುದಕ್ಕಾಗಿ ಅದನ್ನು ಉದ್ದ ಮಾಡಿದ್ದಾರೆ. ಇಸ್ತ್ರಿಪೆಟ್ಟಿಗೆಯ ಅಥವಾ ಗ್ರೈಂಡರಿನ ಒಳತಂತಿ ಸವೆದು ಹೊರಗಿನ ಲೋಹಕ್ಕೆ ತಗುಲಿದರೆ, ಪ್ರವಾಹವು ನಮ್ಮ ಮೈಯನ್ನು ಬಿಟ್ಟು ಆ ದಾರಿಯಿಂದ ಭೂಮಿಗೆ ಇಳಿಯುತ್ತದೆ, ಫ್ಯೂಸು ಸುಟ್ಟು ಹೋಗುತ್ತದೆ, ಮನುಷ್ಯನು ಬದುಕುತ್ತಾನೆ. ಆ ಕಡ್ಡಿಯನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಚುಚ್ಚುವ ಅಭ್ಯಾಸ ನಮ್ಮಲ್ಲಿ ಉಂಟು. ಆಷಾಢದ ಮಳೆಯಲ್ಲಿ ಗೋಡೆ ನೆಲಗಳು ಒದ್ದೆಯಾಗಿರುವ ನಮ್ಮ ಸೀಮೆಯಲ್ಲಿ ಇದಕ್ಕಿಂತ ಅಪಾಯಕರವಾದ ಉಳಿತಾಯ ಬೇರೊಂದಿಲ್ಲ. ನಿಮ್ಮ ಮನೆಯಿಂದ ಒಬ್ಬ ಹುಡುಗನೋ ಹುಡುಗಿಯೋ ಈ ಪ್ರಯೋಗಶಾಲೆಗೆ ಹೋಗುತ್ತಿದ್ದರೆ, ಅವರು ಕಲಿತ ಮೊದಲ ಪಾಠ ನಿಮ್ಮ ಮನೆಯ ಪ್ಲಗ್ಗುಗಳ ಪರೀಕ್ಷೆಯಿಂದಲೇ ಸಾರ್ಥಕವಾಗಲಿ.

ಎರಡನೆಯ ಪಾಠ, ಅಳತೆಯ ಉಪಕರಣಗಳನ್ನು ಜೋಡಿಸುವ ಕ್ರಮ. ಇದನ್ನು ನಮ್ಮ ಅಡಕೆ ತೋಟದ ಭಾಷೆಯಲ್ಲಿಯೇ ಹೇಳಬಹುದು. ಗುಡ್ಡದ ಸುರಂಗದಿಂದ ಬಂದ ನೀರು ಎತ್ತರದ ತೊಟ್ಟಿಯಲ್ಲಿ ನಿಂತು, ಕೊಳವೆಯ ಮೂಲಕ ತೋಟಕ್ಕೆ ಇಳಿಯುತ್ತದೆ. ತೊಟ್ಟಿಯು ಎಷ್ಟು ಎತ್ತರವೋ ಅಷ್ಟು ನೀರಿಗೆ ಒತ್ತಡ. ಇದು ವಿಭವಾಂತರ, ಅಂದರೆ ವೋಲ್ಟೇಜು. ಕೊಳವೆಯಲ್ಲಿ ಹರಿಯುವ ನೀರು ಪ್ರವಾಹ, ಅಂದರೆ ಕರೆಂಟು. ಕೊಳವೆ ಸಣ್ಣದಾದಷ್ಟೂ ಉದ್ದವಾದಷ್ಟೂ ನೀರಿಗೆ ಅಡ್ಡಿ ಹೆಚ್ಚು. ಇದು ರೋಧ. ಹರಿಯುವ ನೀರನ್ನು ಅಳೆಯಬೇಕಾದರೆ ಮಾಪಕವನ್ನು ಕೊಳವೆಯ ಮಧ್ಯದಲ್ಲಿಯೇ ಇಡಬೇಕು, ಎಲ್ಲ ನೀರೂ ಅದರ ಮೂಲಕ ಹಾದುಹೋಗಬೇಕು. ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸುವುದು ಹೀಗೆ. ಅದು ನೀರಿಗೆ ಅಡ್ಡಿಮಾಡಬಾರದಾದುದರಿಂದ ಅದರ ರೋಧ ಅತ್ಯಲ್ಪ. ಎತ್ತರದ ವ್ಯತ್ಯಾಸವನ್ನು ಅಳೆಯಲು ಎರಡು ಕಡೆಗಳನ್ನು ಬದಿಯಿಂದ ಮುಟ್ಟಿದರೆ ಸಾಕು. ವೋಲ್ಟ್‌ಮೀಟರನ್ನು ಸಮಾಂತರದಲ್ಲಿ ಜೋಡಿಸುವುದು ಹೀಗೆ. ಅದು ನೀರನ್ನು ಕುಡಿಯಬಾರದಾದುದರಿಂದ ಅದರ ರೋಧ ಬಹಳ ಹೆಚ್ಚು. ಇವೆರಡನ್ನು ಅದಲುಬದಲು ಮಾಡಿ ಅಮ್ಮೀಟರನ್ನು ನೇರವಾಗಿ ಎರಡು ತಂತಿಗಳ ನಡುವೆ ಇಟ್ಟರೆ, ತೊಟ್ಟಿಯ ಕಟ್ಟೆ ಒಡೆದಂತೆ ಪ್ರವಾಹವು ನುಗ್ಗಿ ಫ್ಯೂಸು ಹಾರುತ್ತದೆ. ಈ ಒಂದು ವಿವೇಕವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಪ್ರಯೋಗಶಾಲೆ ಕಲಿಸುತ್ತದೆ.

ಮೂರನೆಯ ಪಾಠ ಮೋಟಾರಿನದು. ನಿಂತಿರುವ ನೇರಪ್ರವಾಹದ ಮೋಟಾರಿನ ಆರ್ಮೇಚರಿನ ರೋಧ ಒಂದು ಓಮ್ ಎಂದಿಟ್ಟುಕೊಳ್ಳೋಣ. ಅದಕ್ಕೆ 220 ವೋಲ್ಟನ್ನು ಒಮ್ಮೆಗೇ ಕೊಟ್ಟರೆ 220 ಆಂಪಿಯರ್ ಪ್ರವಾಹ ನುಗ್ಗಿ ಸುರುಳಿ ಸುಟ್ಟುಹೋದೀತು. ಅದೇ ಮೋಟಾರು ತಿರುಗತೊಡಗಿದಾಗ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಪೂರ್ಣ ವೇಗದಲ್ಲಿ ಅದು 205 ವೋಲ್ಟಾದರೆ ಉಳಿಯುವುದು 15 ವೋಲ್ಟು ಮಾತ್ರ, ಪ್ರವಾಹವೂ 15 ಆಂಪಿಯರ್ ಮಾತ್ರ. ಆದುದರಿಂದ ಪ್ರಾರಂಭದಲ್ಲಿ ರೋಧವನ್ನು ಪೂರ್ತಿಯಾಗಿ ಸೇರಿಸಿ, ವೇಗ ಏರಿದಂತೆಲ್ಲ ಅದನ್ನು ಮೆಲ್ಲಮೆಲ್ಲನೆ ಕಳೆಯಬೇಕು. ಸ್ಟಾರ್ಟರಿನ ಹಿಡಿಯನ್ನು ಒಂದೇ ಸಲಕ್ಕೆ ಎಳೆಯುವ ಅವಸರದ ಕೈಯನ್ನು ಈ ಪ್ರಯೋಗವು ತಿದ್ದುತ್ತದೆ.

ಇನ್ನು ನಾನು ಮೊದಲು ಸೂಚಿಸಿದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದನ್ನು ಒಂದು ಪ್ರಯೋಗದಿಂದಲೇ ವಿವರಿಸಬೇಕು. ಒಂದು ರೋಧವನ್ನೂ ಒಂದು ಚೋಕ್ ಸುರುಳಿಯನ್ನೂ ಸರಣಿಯಲ್ಲಿ ಜೋಡಿಸಿ, ಮನೆಗಳಿಗೆ ಬರುವಂತಹ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಕೊಡುತ್ತಾರೆ. ರೋಧದ ತುದಿಗಳ ನಡುವೆ ಅಳೆದಾಗ 138 ವೋಲ್ಟು, ಸುರುಳಿಯ ತುದಿಗಳ ನಡುವೆ ಅಳೆದಾಗ 184 ವೋಲ್ಟು ಬಂದಿತೆನ್ನಿ. ಕೂಡಿದರೆ 322. ಕೊಟ್ಟದ್ದು 230, ಹಂಚಿಹೋದದ್ದು 322! ಗಂಟಿನಲ್ಲಿ 230 ರೂಪಾಯಿ ಇದ್ದವನು ಇಬ್ಬರಿಗೆ 322 ರೂಪಾಯಿ ಕೊಟ್ಟಂತಾಯಿತು. ಮೇಜಿನ ಮುಂದೆ ನಿಂತ ವಿದ್ಯಾರ್ಥಿಗೆ ಗಾಬರಿಯಾಗುತ್ತದೆ. ಮಾಪಕ ಕೆಟ್ಟಿದೆಯೇ? ಜೋಡಣೆ ತಪ್ಪಿತೇ?

ಈ ಕ್ಷಣವೇ ಪ್ರಯೋಗಶಾಲೆಯ ಪ್ರಾಣ. ಇಲ್ಲಿ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿವೆ. ಒಂದು, 184ನ್ನು ಒರಸಿ 92 ಎಂದು ಬರೆದು, ಕೂಡಿದರೆ 230 ಆಗುವಂತೆ ಮಾಡಿ, ಲೆಕ್ಕ ಸರಿಹೋಯಿತೆಂದು ಸಮಾಧಾನಪಡುವುದು, ಅಥವಾ ಹಿಂದಿನ ವರ್ಷದವರ ಪುಸ್ತಕವನ್ನು ತಂದು ಅದರಲ್ಲಿದ್ದ ಅಂಕಗಳನ್ನು ಇಳಿಸಿಕೊಳ್ಳುವುದು. ಇನ್ನೊಂದು, ಕಂಡದ್ದನ್ನು ಕಂಡಂತೆ ಬರೆದು, ಇದು ಹೀಗೇಕೆ ಎಂದು ಯೋಚಿಸುವುದು.

ಎರಡನೆಯ ದಾರಿಯನ್ನು ಹಿಡಿದವನಿಗೆ ಏನು ದೊರೆಯುತ್ತದೆ? 138ರ ವರ್ಗ 19,044. 184ರ ವರ್ಗ 33,856. ಇವೆರಡನ್ನು ಕೂಡಿದರೆ 52,900. ಅದರ ವರ್ಗಮೂಲ ಸರಿಯಾಗಿ 230. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಎದುರು ಬಂದು ನಿಂತಿತು. ರೋಧದ ವೋಲ್ಟೇಜು ಲಂಬಕೋನ ತ್ರಿಭುಜದ ಒಂದು ಭುಜ, ಸುರುಳಿಯದು ಇನ್ನೊಂದು ಭುಜ, ಒಟ್ಟು ವೋಲ್ಟೇಜು ಅದರ ಕರ್ಣ. ಪರ್ಯಾಯ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುವಂಥದು, ಸೆಕೆಂಡಿಗೆ 50 ಆವರ್ತಗಳು. ಸುರುಳಿಯ ವೋಲ್ಟೇಜು ಶಿಖರವನ್ನು ಮುಟ್ಟಿದಾಗ ರೋಧದ್ದು ಇನ್ನೂ ಸೊನ್ನೆಯಲ್ಲಿರುತ್ತದೆ. ಎರಡೂ ಒಂದೇ ಕಾಲಕ್ಕೆ ಶಿಖರಕ್ಕೇರುವುದಿಲ್ಲವಾದುದರಿಂದ ಅವುಗಳನ್ನು ರೂಪಾಯಿಗಳಂತೆ ಕೂಡುವುದು ಸಲ್ಲದು. ಪರ್ಯಾಯ ವಿದ್ಯುತ್ತಿನ ಶಾಸ್ತ್ರವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ. 184ನ್ನು ಒರಸಿದವನು ಒಂದು ಅಂಕದೊಂದಿಗೆ ಆ ಶಾಸ್ತ್ರವನ್ನೇ ಒರಸಿಬಿಟ್ಟನು.

ನಾನು ಕೊಟ್ಟ ಅಂಕಗಳು ದೋಷವಿಲ್ಲದ ಸುರುಳಿಯವು. ನಿಜವಾದ ಸುರುಳಿಯಲ್ಲಿ ತಂತಿಯ ಸ್ವಂತ ರೋಧವೂ ಸೇರಿರುವುದರಿಂದ ಹೀಗೆ ಮಾಡಿದ ಲೆಕ್ಕವು 230ಕ್ಕಿಂತ ಕೊಂಚ ಕಡಿಮೆ ಬರುತ್ತದೆ. ಆ ಕೊಂಚ ವ್ಯತ್ಯಾಸವೂ ವ್ಯರ್ಥವಲ್ಲ. ಮೂರು ವೋಲ್ಟೇಜುಗಳನ್ನು ಅಳೆದು, ಆ ವ್ಯತ್ಯಾಸದ ಮೂಲಕವೇ ಸುರುಳಿಯಲ್ಲಿ ವ್ಯಯವಾಗುವ ಶಕ್ತಿಯನ್ನು ಗೊತ್ತುಮಾಡುವ ವಿಧಾನವೊಂದಿದೆ. ಅದನ್ನು 1891ರಲ್ಲಿ ಪ್ರಕಟಿಸಿದವರು ಇಬ್ಬರು. ಒಬ್ಬನು ಸಂಪ್ನರ್, ಇನ್ನೊಬ್ಬನು ನಾನು ಆಗಲೇ ಹೇಳಿದ ತೋಕಿಯೋದ ಅಯರ್ಟನ್. ಹೊಂದದ ಅಂಕವನ್ನು ಒರಸಿಹಾಕದೆ ಕೇಳಿ ನೋಡಿದವರಿಗೆ ಅದು ಹೇಳುವ ಮಾತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಇದೇ ಸಾಕ್ಷಿ.

ಬಲ್ಬಿನ ಪ್ರಯೋಗದಲ್ಲಿಯೂ ಹೀಗೆಯೇ. 230 ವೋಲ್ಟಿನಲ್ಲಿ 60 ವ್ಯಾಟಿನಿಂದ ಉರಿಯುವ ತಂತುದೀಪದ ರೋಧ ಲೆಕ್ಕದಂತೆ ಸುಮಾರು 880 ಓಮ್. ಆರಿ ತಣ್ಣಗಾಗಿರುವಾಗ ಅದನ್ನೇ ಅಳೆದರೆ ಅದರ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಮಾಪಕವು ಸುಳ್ಳಾಡುತ್ತಿಲ್ಲ. ಟಂಗ್‌ಸ್ಟನ್ ತಂತು ಕಾದಂತೆ ಅದರ ರೋಧ ಹತ್ತು ಪಟ್ಟಿಗೂ ಹೆಚ್ಚಾಗಿ ಏರುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ಚು ಹಾಕಿದ ಕ್ಷಣದಲ್ಲಿಯೇ ಏಕೆ ಸುಟ್ಟುಹೋಗುತ್ತವೆ ಎಂಬ ಗೃಹಿಣಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ತಣ್ಣಗಿನ ತಂತುವಿನಲ್ಲಿ ಮೊದಲ ಕ್ಷಣ ಪ್ರವಾಹವು ಬಲವಾಗಿ ನುಗ್ಗುತ್ತದೆ.

ಮಹನೀಯರೆ, ಈಗ ಭಾಷೆಯ ಮಾತು. ಅಂಕಗಳನ್ನು ಒರಸುವ, ನಕಲು ಮಾಡುವ ದಾರಿಯನ್ನು ನಮ್ಮ ಮಕ್ಕಳು ಏಕೆ ಹಿಡಿಯುತ್ತಾರೆ? ಸೋಮಾರಿತನದಿಂದ ಹಿಡಿಯುವವರೂ ಉಂಟು. ಆದರೆ ಕನ್ನಡ ಮಾಧ್ಯಮದಿಂದ ಬಂದವರಲ್ಲಿ ನಾನು ಕಂಡಿರುವ ಕಾರಣ ಬೇರೆ. ಅವರು ಪ್ರಯೋಗವನ್ನು ಶ್ರದ್ಧೆಯಿಂದ ಮಾಡುತ್ತಾರೆ. ಅನೇಕ ವೇಳೆ ಅವರ ಕೈ ಇತರರ ಕೈಗಿಂತ ಚುರುಕು. ತೋಟದ ಪಂಪು ಕೆಟ್ಟಾಗ ಬಿಚ್ಚಿ ನೋಡಿದ ಕೈಗಳು ಅವು. ಆದರೆ ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದಾಗ ವಾಕ್ಯವು ಹೊರಡುವುದಿಲ್ಲ. ತಪ್ಪು ಬರೆದು ನಗೆಗೀಡಾಗುವುದಕ್ಕಿಂತ ಹಿಂದಿನವರ ಪುಸ್ತಕದಿಂದ ವಿವರಣೆಯನ್ನು ಇಳಿಸಿಕೊಳ್ಳುತ್ತಾರೆ. ವಿವರಣೆಯ ಹಿಂದೆಯೇ ಅಂಕಗಳೂ ಬರುತ್ತವೆ. ತಾವು ಸ್ವಂತ ಕಣ್ಣಿಂದ ಕಂಡ 184 ಅಲ್ಲಿಗೆ ಮಾಯವಾಗುತ್ತದೆ. ಭಾಷೆಯ ಭಯವು ಕಸಿದುಕೊಳ್ಳುವ ವಸ್ತುವೊಂದಿದೆಯೆಂದು ಆಗ ಹೇಳಿದೆನಷ್ಟೆ. ಅದು ಇದೇ: ತಾನು ಕಂಡದ್ದು ನಿಜವೆಂದು ನಂಬುವ ಧೈರ್ಯ. ಇದನ್ನು ಕಳೆದುಕೊಂಡವನು ಪದವಿಯನ್ನು ಪಡೆದರೂ ವಿದ್ಯೆಯನ್ನು ಪಡೆದಂತಾಗಲಿಲ್ಲ. ನಾಳೆ ಅವನು ಒಂದು ಆಸ್ಪತ್ರೆಯ ವಿದ್ಯುತ್ ಜೋಡಣೆಯನ್ನು ಪರೀಕ್ಷಿಸಿ ಸಹಿ ಹಾಕಬೇಕಾದೀತು. ಭೂಸಂಪರ್ಕದ ರೋಧವನ್ನು ನಿಜವಾಗಿ ಅಳೆಯದೆ ಬರೆದ ಒಂದು ಅಂಕವು ಎಷ್ಟು ಜೀವಗಳಿಗೆ ಎರವಾದೀತೆಂದು ತಾವೇ ಊಹಿಸಿರಿ.

ಇದಕ್ಕೆ ಉಪಾಯವೇನು? ನನ್ನ ಸಲಹೆ ಸರಳವಾದುದು. ಪ್ರಯೋಗ ಮಾಡುವಾಗ ಕೈಯಲ್ಲಿರುವ ಕಚ್ಚಾ ಪುಸ್ತಕದಲ್ಲಿ ವಿದ್ಯಾರ್ಥಿಯು ಕನ್ನಡದಲ್ಲಿಯೇ ಬರೆದುಕೊಳ್ಳಲಿ. "ಸುರುಳಿಯ ವೋಲ್ಟೇಜು 184 ಬಂತು, ಕೂಡಿದರೆ ಹೆಚ್ಚಾಗುತ್ತದೆ, ಏಕೆ?" ಎಂದು ಸ್ಪಷ್ಟವಾಗಿ ಬರೆದಿಡಲಿ. ಅರ್ಥವು ಮೊದಲು ತಾಯ್ನುಡಿಯಲ್ಲಿ ಗಟ್ಟಿಯಾಗಲಿ. ಆಮೇಲೆ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ತಾನೇ ಹೇಳಲು ಯತ್ನಿಸಲಿ. ವ್ಯಾಕರಣದ ತಪ್ಪನ್ನು ತಿದ್ದುವುದು ಸುಲಭ. ಅರ್ಥವಿಲ್ಲದ ನಕಲನ್ನು ತಿದ್ದುವುದು ಯಾರಿಂದಲೂ ಆಗದು. ಆಂಪಿಯರ್, ವೋಲ್ಟ್, ಓಮ್ ಎಂಬ ಮಾತುಗಳಿಗೆ ಹೆದರಬೇಕಾಗಿಲ್ಲ. ಇವು ಫ್ರಾನ್ಸಿನ, ಇಟಲಿಯ, ಜರ್ಮನಿಯ ಮೂವರು ಮನುಷ್ಯರ ಹೆಸರುಗಳು. ಇಂಗ್ಲಿಷಿನವರೂ ಇವನ್ನು ಎರವಲು ತಂದವರೇ. ನಾವೂ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ನಮ್ಮವಾಗುತ್ತವೆ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅವಕಾಶ ಮಾಡಿಕೊಟ್ಟಿತು. ಇದು ಸಂತೋಷದ ವಿಷಯ. ಆದರೆ ಅವಕಾಶವಿದ್ದ ಮಾತ್ರಕ್ಕೆ ಕನ್ನಡವು ವಿದ್ಯುತ್ತಿನ ಭಾಷೆಯಾಗಿಬಿಡುವುದಿಲ್ಲ. ಪ್ರಯೋಗದ ಮೇಜಿನ ಮುಂದೆ ನಿಂತು ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಗುರುತು ಹಾಕಿಕೊಂಡವರು ನೂರಾರು ಜನರಾದಾಗ ಪಠ್ಯಪುಸ್ತಕಗಳು ತಾವಾಗಿಯೇ ಹುಟ್ಟುತ್ತವೆ. ಜಪಾನಿನಲ್ಲಿ ನಡೆದದ್ದು ಇದೇ.

ಇತ್ತೀಚೆಗೆ ಗಣಕಯಂತ್ರದ ತೆರೆಯ ಮೇಲೆಯೇ ಇಂತಹ ಪ್ರಯೋಗಗಳನ್ನು ನಡೆಸುವ ಕ್ರಮ ಬಂದಿದೆ. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ಕಾಲೇಜುಗಳು ಮುಚ್ಚಿದ್ದಾಗ ಇದರಿಂದ ಬಹಳ ಉಪಕಾರವಾಯಿತು. ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡು ಬರುವುದಕ್ಕೆ ಇದು ಉತ್ತಮ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೆರೆಯ ಮೇಲಿನ ತಂತಿ ಸಡಿಲವಾಗುವುದಿಲ್ಲ, ತೆರೆಯ ಮೇಲಿನ ಸುರುಳಿ ಬಿಸಿಯಾಗಿ ವಾಸನೆ ಬರುವುದಿಲ್ಲ. ಸೂತ್ರವು ಏನು ಹೇಳುತ್ತದೆಯೋ ಅದನ್ನೇ ಅದು ಮರಳಿ ತೋರಿಸುತ್ತದೆ. ನಿಜವಾದ ವಸ್ತು ಸೂತ್ರಕ್ಕೆ ಎದುರಾಡಿದಾಗ ಏನು ಮಾಡಬೇಕೆಂಬುದನ್ನು ಕಲಿಯಲು ನಿಜವಾದ ಮೇಜೇ ಬೇಕು. ಆದುದರಿಂದ ಮಕ್ಕಳನ್ನು ಸೇರಿಸುವ ಮೊದಲು ಕಾಲೇಜಿನ ಕಟ್ಟಡವನ್ನು ನೋಡುವ ತಂದೆತಾಯಿಗಳು ಅದರ ಪ್ರಯೋಗಶಾಲೆಯನ್ನೂ ನೋಡಬೇಕು. ಒಂದು ಮೇಜಿಗೆ ಎಷ್ಟು ಜನ ವಿದ್ಯಾರ್ಥಿಗಳು ಎಂದು ಕೇಳಬೇಕು. ನಾಲ್ವರಿದ್ದರೆ ಎಲ್ಲರ ಕೈಗೂ ತಂತಿ ಸಿಗುತ್ತದೆ, ಹತ್ತು ಜನರಿದ್ದರೆ ಎಂಟು ಜನ ಪ್ರೇಕ್ಷಕರಾಗುತ್ತಾರೆ.

ಕೊನೆಯದಾಗಿ ಈ ಸಂಘದವರಲ್ಲಿ ನನ್ನ ಎರಡು ಬಿನ್ನಹಗಳು. ನಮ್ಮ ಸೀಮೆಯ ಕನ್ನಡ ಶಾಲೆಗಳ ಮೇಲ್ತರಗತಿಯ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ವಾರಕಾಲದ ವಿದ್ಯುತ್ ಶಿಬಿರವೊಂದನ್ನು ನಡೆಸಿರಿ. ಒಣ ಬ್ಯಾಟರಿ, ಸಣ್ಣ ಬಲ್ಬು, ತಂತಿ, ಒಂದು ಮಲ್ಟಿಮೀಟರು ಇಷ್ಟಿದ್ದರೆ ಓಮನ ನಿಯಮವನ್ನು ಅಪಾಯವಿಲ್ಲದೆ ಕಲಿಸಬಹುದು. ಇದಕ್ಕೆ ಬೇಕಾಗುವ ವೆಚ್ಚ ಒಂದು ಸಮಾರಂಭದ ಹಾರತುರಾಯಿಗಳ ವೆಚ್ಚಕ್ಕಿಂತ ಹೆಚ್ಚಾಗದು. ಎರಡನೆಯದಾಗಿ, ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿಗಳಿಂದ ಅವರು ಮಾಡಿದ ಪ್ರಯೋಗಗಳ ವಿವರಣೆಯನ್ನು ಕನ್ನಡದಲ್ಲಿ ಬರೆಯಿಸಿ, ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿರಿ. ಮುಂದೆ ಬರುವ ಹುಡುಗನು ಅದನ್ನು ನಕಲು ಮಾಡಲಾರನು, ಏಕೆಂದರೆ ಅವನು ಒಪ್ಪಿಸಬೇಕಾದದ್ದು ಇಂಗ್ಲಿಷಿನಲ್ಲಿ. ಅರ್ಥವನ್ನು ಮಾತ್ರ ತೆಗೆದುಕೊಳ್ಳಬಲ್ಲನು. ನಮಗೆ ಬೇಕಾದುದೂ ಅದೇ.

ಇಲ್ಲಿ ಕುಳಿತಿರುವ ಬಾಲಕ ಬಾಲಿಕೆಯರಿಗೆ ಒಂದೇ ಮಾತು. ಮುಂದೊಂದು ದಿನ ನೀವು ಆ ಮೇಜಿನ ಮುಂದೆ ನಿಂತಾಗ, ಮುಳ್ಳು ಎಲ್ಲಿ ನಿಂತಿತೋ ಆ ಅಂಕವನ್ನೇ ಬರೆಯಿರಿ. ಅದು ಪುಸ್ತಕಕ್ಕೆ ಹೊಂದದಿದ್ದರೆ ಅಧ್ಯಾಪಕರ ಬಳಿಗೆ ಹೋಗಿ, ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ, ಅದು ಸಾಲದಿದ್ದರೆ ಬೆರಳಿನಿಂದ ತೋರಿಸಿಯಾದರೂ, ಏಕೆ ಎಂದು ಕೇಳಿರಿ. ಒಳ್ಳೆಯ ಅಧ್ಯಾಪಕರಿಗೆ ಅದಕ್ಕಿಂತ ಸಂತೋಷದ ಪ್ರಶ್ನೆ ಬೇರೆ ಇಲ್ಲ.